ಕಾರಿನ ಕಣ್ಣಿಗೆ ಕುಂಕುಮ

ಫಾರಿನ್ನಿಗೆ ಹೋಗಿ ಬಂದವರ ಫೋನಿನಲ್ಲಿ ನೂರಾರು ಫೋಟೋ ಇರುತ್ತವೆ. ನನ್ನ ಫೋನಿನಲ್ಲಿ ಜನ ಕೇಳಿ ನೋಡುವುದು ಒಂದನ್ನೇ. ಮುಳ್ಳಿನ ಬೇಲಿಯೊಳಕ್ಕೆ ಮೂತಿ ತೂರಿಸಿ ನಿಂತ ಬಿಳಿ ಕಾರು, ಪಕ್ಕದಲ್ಲಿ ಸೀರೆಯ ಮೇಲೆ ದಪ್ಪ ಜಾಕೀಟು ಹಾಕಿಕೊಂಡ ನಾನು, ನಮ್ಮಿಬ್ಬರನ್ನೂ ದಿಟ್ಟಿಸಿ ನೋಡುತ್ತಿರುವ, ಬೆನ್ನಿಗೆ ನೀಲಿ ಬಣ್ಣ ಬಳಿಸಿಕೊಂಡ ಒಂದು ಕುರಿ. ಕಿಕ್ಕೇರಿ ಬಸ್ ಸ್ಟ್ಯಾಂಡಿನ ಎದುರು ನಾನೂ ನಮ್ಮ ಯಜಮಾನರೂ ನಡೆಸುವ ಇಡ್ಲಿ ಹೋಟೆಲಿಗೆ ಬರುವವರೆಲ್ಲ ಈ ಫೋಟೋ ನೋಡಿ ನಕ್ಕಿದ್ದಾರೆ. ಕುರಿಗೆ ಬಣ್ಣ ಯಾಕೆ ಎಂದು ಕೇಳಿದ್ದಾರೆ. ನನ್ನ ಸೆರಗಿನ ತುದಿ ಯಾಕೆ ಕೆಂಪಗಿದೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಇಷ್ಟು ಹೊತ್ತಿಗೆ ಹೇಳಿ ಹಗುರಾಗುತ್ತಿದ್ದೆ. ಕೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಾನು ಓದಿದ್ದು ಏಳನೇ ಕ್ಲಾಸು. ಕನ್ನಡಕ್ಕೇನೂ ತೊಂದರೆಯಿಲ್ಲ, ಹೋಟೆಲಿಗೆ ಬರುವ ಪೇಪರನ್ನು ಗಿರಾಕಿಗಳಿಗಿಂತ ಮೊದಲು ನಾನೇ ಮುಗಿಸಿರುತ್ತೇನೆ. ಇಂಗ್ಲಿಷಿನ ಅಕ್ಷರಗಳು ಒಂದೊಂದಾಗಿ ಬಂದರೆ ಗುರುತು ಹಿಡಿಯುತ್ತೇನೆ, ಗುಂಪಾಗಿ ಬಂದರೆ ಹಿಡಿಯಲಾರೆ. ಇಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಆ ಕಾರು ಬೇಲಿಗೆ ಹೋಗುತ್ತಿರಲಿಲ್ಲ.

ಗಂಜಾಂ

ನನ್ನ ತಂಗಿ ಸುಧಾ ಐರ್‌ಲೆಂಡಿನಲ್ಲಿ ನರ್ಸು. ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಮನೆಯಲ್ಲಿ ಅವಳ ಕೆಲಸ. ಕಾರು ಕೊಂಡ ದಿನ ಫೋನು ಮಾಡಿದಳು.

“ಅಕ್ಕ, ಕಾರ್ ತಗೊಂಡೆ ಕಣಕ್ಕ. ಬಿಳೀದು.”

“ಪೂಜೆ ಮಾಡುಸ್ದ್ಯಾ?”

“ಇಲ್ಲಿ ಯಾರಕ್ಕ ಮಾಡ್ತಾರೆ?”

“ಚಕ್ರಕ್ಕೆ ನಿಂಬೆಹಣ್ಣಾದ್ರೂ ಇಟ್ಯಾ?”

“ಇಲ್ಲ. ಅಂಗಡಿಗೆ ಹೋಗಿ ಹಾಲು ತಂದೆ.”

ಪೂಜೆಯಾಗದ ಕಾರಿನಲ್ಲಿ ಹಾಲು ತಂದಳಂತೆ! ನಮ್ಮ ಕಡೆ ನಾಗಮಂಗಲದ ಟ್ರಾಕ್ಟರಾಗಲಿ, ಕೆ.ಆರ್. ಪೇಟೆಯ ಸ್ಕೂಟರಾಗಲಿ, ಅಂಗಡಿಯಿಂದ ಹೊರಬಿದ್ದದ್ದು ಗಂಜಾಮಿನ ನಿಮಿಷಾಂಬ ಗುಡಿಯ ಮುಂದೆ ಬಂದು ನಿಂತ ಮೇಲೆಯೇ ಬೇರೆ ಕೆಲಸ. ನಮ್ಮ ಹೋಟೆಲಿನ ಗ್ರೈಂಡರನ್ನೂ ನಾನು ಗೂಡ್ಸ್ ಆಟೋದಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಯಜಮಾನರು ಇಂದಿಗೂ ಅದನ್ನು ಹೇಳಿ ನಗುತ್ತಾರೆ, ಆದರೆ ಗ್ರೈಂಡರು ಇಂದಿಗೂ ಕೆಟ್ಟಿಲ್ಲ.

ಸುಧಾ “ಒಂದು ತಿಂಗಳು ಬಂದು ಇದ್ದು ಹೋಗಕ್ಕ” ಎಂದು ಟಿಕೆಟು ಕಳಿಸಿದಾಗ ನಾನು ಮೊದಲು ಮಾಡಿದ ಕೆಲಸ ಕೆ.ಆರ್. ಪೇಟೆಗೆ ಒಂದು ಬಸ್ಸು, ಪಾಂಡವಪುರಕ್ಕೆ ಒಂದು, ಶ್ರೀರಂಗಪಟ್ಟಣಕ್ಕೆ ಇನ್ನೊಂದು ಹತ್ತಿ ಗಂಜಾಮಿಗೆ ಹೋದದ್ದು. ಪೂಜೆ ಮಾಡಿಸಿ ಕುಂಕುಮದ ಪೊಟ್ಟಣ ಸೆರಗಿಗೆ ಕಟ್ಟಿಕೊಂಡೆ. ಗುಡಿಯ ಹೊರಗೆ ಹೂ ಕಟ್ಟುತ್ತಿದ್ದ ಹೆಂಗಸಿನೊಂದಿಗೆ ನನ್ನ ಪ್ರಯಾಣದ ವಿಷಯ ಹೇಳಿಕೊಂಡೆ. ಹೇಳಿಕೊಳ್ಳದೆ ಇರಲಾಗುತ್ತಿರಲಿಲ್ಲ.

“ಆ ದೇಶ್ದಲ್ಲಿ ದಿನಾ ಮಳೆಯಂತೆ ಕಣವ್ವ. ಇಟ್ಟ ಕುಂಕುಮ ನಿಂತದಾ?” ಎಂದೆ.

“ಕೊಬ್ಬರಿ ಎಣ್ಣೇಲಿ ಕಲಸಿ ಇಡಿ. ಮ್ಯಾಲ್ಗಡೆ, ನಟ್ಟನಡೂಕೆ. ಗಾಡಿಗೆ ಅದೇ ಹಣೆ ಅಲ್ವ್ರಾ? ಯಾವ ಮಳೆಗೂ ಓಗಕಿಲ್ಲ, ನೋಡ್ಕಳಿ,” ಎಂದಳು.

ಅವಳು ಹೇಳಿದ್ದರಲ್ಲಿ ಒಂದೇ ಒಂದು ಅಕ್ಷರ ಸುಳ್ಳಾಗಲಿಲ್ಲ.

ಕೆಂಪು ಚೀಲದ ಹಿಂದೆ

ಬೆಂಗಳೂರಿನಿಂದ ಹೊರಟ ವಿಮಾನ ಒಂದು ಅರಬ್ ದೇಶದಲ್ಲಿ ಇಳಿಸಿತು. ಅಲ್ಲಿ ಇನ್ನೊಂದು ವಿಮಾನ ಹತ್ತಬೇಕು. ಆ ನಿಲ್ದಾಣದೊಳಗೆ ನಮ್ಮ ಕಿಕ್ಕೇರಿ ಇಡೀ ಹಿಡಿಸಿ, ಮಿಕ್ಕ ಜಾಗದಲ್ಲಿ ಸಂತೆಯನ್ನೂ ನಡೆಸಬಹುದು. ಎಲ್ಲೆಲ್ಲೂ ಬೋರ್ಡುಗಳು, ಒಂದರಲ್ಲೂ ಕನ್ನಡವಿಲ್ಲ. ವಿಮಾನದಲ್ಲಿ ನನ್ನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಕೆಂಪು ಚೀಲ ಎಳೆದುಕೊಂಡು ಧೈರ್ಯವಾಗಿ ಹೋಗುತ್ತಿದ್ದಳು. ಇವಳಿಗೆ ಎಲ್ಲ ಗೊತ್ತಿದೆ ಎಂದು ಹಿಂದೆ ಬಿದ್ದೆ. ಅವಳು ತಿರುಗಿದರೆ ನಾನೂ ತಿರುಗಿದೆ. ಅವಳು ಕಕ್ಕಸಿಗೆ ಹೋದರೆ ನಾನೂ ಹೋದೆ. ಅತ್ತರಿನ ಅಂಗಡಿಯಲ್ಲಿ ನಿಂತು ಮಣಿಕಟ್ಟಿಗೆ ಪೂಸಿಕೊಂಡು ಮೂಸಿದಳು, ನಾನೂ ಮೂಸಿದೆ. ಕಡೆಗೆ ಅವಳು ಒಂದು ಕಡೆ ಕೂತಳು. ನಾನು ಎದುರಿಗೆ ಕೂತು ಚಕ್ಕುಲಿ ತೆಗೆದು ಅವಳಿಗೂ ಕೊಟ್ಟೆ.

ಚಕ್ಕುಲಿ ತಿನ್ನುತ್ತಾ ಅವಳು ಮಲಯಾಳದಲ್ಲಿ ಏನೋ ಕೇಳಿ ನನ್ನ ಟಿಕೆಟು ನೋಡಿದಳು. ಮರುಕ್ಷಣ ಚಕ್ಕುಲಿ ಬಾಯಲ್ಲಿರುವಂತೆಯೇ ನನ್ನ ಕೈ ಹಿಡಿದು ಓಡತೊಡಗಿದಳು. ಅವಳು ಹೋಗುತ್ತಿದ್ದುದು ಬೇರೆ ದೇಶಕ್ಕೆ! ನನ್ನ ವಿಮಾನ ಆ ನಿಲ್ದಾಣದ ಇನ್ನೊಂದು ತುದಿಯಲ್ಲಿ ಬಾಗಿಲು ಮುಚ್ಚಲು ಕಾಯುತ್ತಿತ್ತು.

ಇಷ್ಟೆಲ್ಲ ಆಗಿ ಬಂದಿಳಿದಾಗ ಸುಧಾ ತಬ್ಬಿಕೊಂಡು, “ಹೆಂಗ್ ಬಂದ್ಯಕ್ಕ ಒಬ್ಳೇ? ನಂಗೆ ನಿದ್ದೇನೇ ಇಲ್ಲ,” ಎಂದಳು.

“ಬೋರ್ಡು ಓದ್ಕೊಂಡ್ ಬಂದೆ ಕಣಮ್ಮಿ. ಅದೇನ್ ಮಹಾ,” ಎಂದೆ.

ಅವಳ ಮುಖ ಅರಳಿತು. ಆ ವಾರವೆಲ್ಲ ಸಿಕ್ಕಿದವರಿಗೆಲ್ಲ, “ಇವಳು ನನ್ನ ಅಕ್ಕ, ಒಬ್ಬಳೇ ಬೋರ್ಡು ಓದಿಕೊಂಡು ಬಂದಳು” ಎಂದು ಹೇಳಿದ್ದೇ ಹೇಳಿದ್ದು. ನಾನೂ ಸೀರೆಯ ನೆರಿಗೆ ಸರಿಮಾಡಿಕೊಂಡು ನಿಂತು ಕೇಳಿಸಿಕೊಂಡದ್ದೇ ಕೇಳಿಸಿಕೊಂಡದ್ದು.

ತಂಗಿಯ ಊರು

ಆ ಊರಿನ ಹೆಸರು ಬರೆಯುವುದು ಒಂದು ಥರ, ಕರೆಯುವುದು ಇನ್ನೊಂದು ಥರ. ಅದಕ್ಕೇ ನಾನು ಎರಡನ್ನೂ ಬಿಟ್ಟಿದ್ದೇನೆ. ದೇಶದ ಪಡುವಣ ತುದಿ, ಹತ್ತಿರದಲ್ಲೇ ಕಡಲು. ಮನುಷ್ಯರಿಗಿಂತ ಕುರಿಗಳು ಹೆಚ್ಚು. ನಾವು ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದರೆ, ಅವರು ಯಾರ ಕುರಿ ಯಾವುದು ಎಂದು ತಿಳಿಯಲು ವರ್ಷವಿಡೀ ಬೆನ್ನಿಗೆ ಬಳಿದಿರುತ್ತಾರೆ.

ಅಲ್ಲಿನವರ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಎದುರಿಗೆ ಯಾವ ಗಾಡಿ ಬರಲಿ, ಗುರುತಿರಲಿ ಬಿಡಲಿ, ಸ್ಟೇರಿಂಗಿನಿಂದ ಕೈ ತೆಗೆಯದೆ ತೋರುಬೆರಳೊಂದನ್ನು ಎತ್ತುತ್ತಾರೆ. ನಮಸ್ಕಾರ ಎಂದು ಅರ್ಥ. ನಮ್ಮ ಕಡೆ ಎದುರು ಬರುವವನಿಗೆ ಕಣ್ಣು ಕುಕ್ಕುವಂತೆ ಲೈಟು ಬಿಟ್ಟು, ಹಾರನ್ನು ಬಾರಿಸಿ, ಕಿಟಕಿಯಿಂದ ತಲೆ ಹಾಕಿ ಅವರ ಮನೆಯವರನ್ನೆಲ್ಲ ನೆನೆಯುವುದೂ ಒಂದು ಬಗೆಯ ಮಾತುಕತೆಯೇ. ಆದರೆ ಒಂದು ಬೆರಳಿನಲ್ಲಿ ಮುಗಿಯುವುದಿಲ್ಲ.

ಸುಧಾಳ ಕಾರಿನಲ್ಲಿ ಮೊದಲ ಸಲ ಕೂತಾಗ ದೊಡ್ಡ ರಸ್ತೆಯ ತಿರುವಿನಲ್ಲಿ ಸ್ಟೇರಿಂಗು ತಾನಾಗಿ ಒಂದಿಷ್ಟು ಹೊರಳಿತು. ನಾನು ಬೆಲ್ಟಿನೊಳಗೇ ಎಗರಿದೆ.

“ಯಾರೇ ಅದು ತಿರುಗಿಸ್ದೋರು?”

“ಕಾರೇ ಕಣಕ್ಕ. ರಸ್ತೆ ಮೇಲೆ ಬಿಳಿ ಗೆರೆ ಐತಲ್ಲ, ಮುಂದ್ಗಡೆ ಎಲ್ಲೋ ಒಂದು ಕ್ಯಾಮೆರಾ ಅದನ್ನ ನೋಡ್ತಿರ್ತದೆ. ನಾನು ಗೆರೆ ಕಡೆಗೆ ಸರಿದ್ರೆ ಮೆಲ್ಲಗೆ ಒಳಕ್ಕೆ ಎಳೀತದೆ.”

“ಎಲ್ಲೋ ಅಂದ್ರೆ ಎಲ್ಲೇ?”

“ಗೊತ್ತಿಲ್ಲ ಬುಡು. ದಪ್ಪದೊಂದು ಪುಸ್ತಕ ಕೊಟ್ಟವ್ರೆ, ಇನ್ನೂ ಬಿಚ್ಚಿಲ್ಲ.”

ಅಂದಿನಿಂದ ನಾನು ಅದಕ್ಕೆ ಅತ್ತೆಯವರು ಎಂದು ಹೆಸರಿಟ್ಟೆ. ಪಕ್ಕದಲ್ಲಿ ಕೂತು “ಸರಿಯಾಗಿ ಹೋಗು” ಎನ್ನುವುದೇ ಅವರ ಕೆಲಸ. ಸುಧಾ ಸ್ವಲ್ಪ ಹೊತ್ತು ಕೈ ಸಡಿಲ ಬಿಟ್ಟರೆ ಟಿಣ್ ಎಂದು ಗದರುತ್ತಿದ್ದರು. ಒಮ್ಮೆ ಸೈಕಲ್ಲಿನವನನ್ನು ತಪ್ಪಿಸಿ ಮುಂದೆ ಹೋಗಲು ಸುಧಾ ಇಂಡಿಕೇಟರ್ ಹಾಕದೆ ನಡುಗೆರೆ ದಾಟಹೊರಟಳು. ಅತ್ತೆಯವರು ಸ್ಟೇರಿಂಗು ಹಿಡಿದು ಸೈಕಲ್ಲಿನವನ ಕಡೆಗೇ ಎಳೆದರು! ಸುಧಾ ಬಿಗಿಯಾಗಿ ಹಿಡಿದು ತನ್ನ ದಾರಿಗೆ ತಂದಳು.

“ಇಂಡಿಕೇಟರ್ ಹಾಕ್ದೇ ಇದ್ರೆ ನಾನು ತೂಕಡುಸ್ತಾ ಇವ್ನಿ ಅನ್ಕೋತದೆ,” ಎಂದಳು.

“ಪಾಪ ಆ ಸೈಕಲ್ನೋನು?”

“ಅವ್ನು ಅದರ ಲೆಕ್ಕಕ್ಕಿಲ್ಲ ಕಣಕ್ಕ. ಗೆರೆ ಒಂದೇ ಅದ್ಕೆ ಗೊತ್ತಿರೋದು.”

ಮನೆಯ ಕಡೆಗೆ ಹೋಗುವ ಸಣ್ಣ ದಾರಿಗೆ ಹೊರಳಿದರೆ ಅಲ್ಲಿ ಗೆರೆಯೇ ಇಲ್ಲ. ಸುಧಾಳ ಮುಂದಿನ ಪುಟ್ಟ ಪರದೆಯಲ್ಲಿ ಹಸಿರಾಗಿ ಉರಿಯುತ್ತಿದ್ದ ಸ್ಟೇರಿಂಗಿನ ಚಿತ್ರ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. “ಅತ್ತೆಯೋರು ಮಲಗುದ್ರು,” ಎನ್ನುತ್ತಿದ್ದಳು. ಈ ಅತ್ತೆಯವರನ್ನು ನಮ್ಮ ನಾಗಮಂಗಲದ ದಾರಿಗೆ ಕರೆತಂದರೆ ಹೇಗಿರಬಹುದು ಎಂದು ನಾನು ಯೋಚಿಸಿದೆ. ಅರ್ಧ ರಸ್ತೆಯ ಮೇಲೆ ಹುರುಳಿ ಹರಡಿರುತ್ತಾರೆ, ಹೋಗುವ ಬರುವ ಗಾಡಿಗಳೇ ಒಕ್ಕಣೆ ಮಾಡಬೇಕು. ಬಿಳಿ ಗೆರೆ ಹುರುಳಿಯ ಕೆಳಗೆ, ಹುರುಳಿ ಕಾಯುವ ಅಜ್ಜಿ ಗೆರೆಯ ಮೇಲೆ. ಪಾಂಡವಪುರದ ಕಡೆ ಹೊರಟ ಕಬ್ಬಿನ ಟ್ರಾಕ್ಟರು ಎರಡೆರಡು ಗಾಡಿ ಎಳೆದುಕೊಂಡು, ಜಲ್ಲೆಗಳನ್ನು ಎರಡೂ ಕಡೆ ಚಾಚಿಕೊಂಡು ಎದುರಿಗೆ. ಅತ್ತೆಯವರು ಅಲ್ಲಿಯೇ ಇಳಿದು ತವರಿಗೆ ಹೊರಟುಬಿಡುತ್ತಿದ್ದರು.

ಒಂದು ವಿಷಯ ಮಾತ್ರ ನನ್ನ ಗಮನಕ್ಕೆ ಬಂದರೂ ಆಡಲಿಲ್ಲ. ಅತ್ತೆಯವರು ಎಚ್ಚರವಾಗಿದ್ದಾರೆ ಎಂದಾಗ ಸುಧಾ ಸ್ವಲ್ಪ ಸೋಮಾರಿಯಾಗುತ್ತಿದ್ದಳು. ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯ ಎರಡು ಬೆರಳು ಸ್ಟೇರಿಂಗಿನ ಮೇಲೆ.

ಅಂಗಳದ ಪೂಜೆ

ಮೊದಲ ಶುಕ್ರವಾರವೇ ಪೂಜೆ ಇಟ್ಟುಕೊಂಡೆ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಮುಂದಿನ ಮೂತಿಗೆ ಹೂವು. ಆಚೆ ಮನೆಯ ಮಾರ್ಟಿನ್ ಎಂಬ ಕುರಿ ಸಾಕುವ ಮುದುಕ ತನ್ನ ಬೇಲಿಯ ಹತ್ತಿರ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ದೇವರ ಕೆಲಸ ಎಂದು ಅವನಿಗೆ ಹೇಳದೆಯೂ ತಿಳಿದಿತ್ತು. ಕಾಯಿ ಒಡೆದಾಗ ಅವನ ನಾಯಿ ಓಡಿಹೋಯಿತು, ಅವನು ಓಡಲಿಲ್ಲ.

ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಉಂಗುರದ ಬೆರಳಿನಲ್ಲಿ ತೆಗೆದು, ಸ್ಟೂಲಿನ ಮೇಲೆ ನಿಂತು, ಮುಂದಿನ ಗಾಜಿನ ಮೇಲ್ತುದಿಯಲ್ಲಿ, ನಟ್ಟನಡುವೆ, ಒಳಗಿನ ಕನ್ನಡಿಯ ಮುಂದಕ್ಕೆ ಸರಿಯಾಗಿ, ಎಂಟಾಣೆಯಗಲ ಬೊಟ್ಟಿಟ್ಟೆ. ಅದರ ಹಿಂದೆ ಗಾಜಿನೊಳಗೆ ಒಂದು ಕಪ್ಪು ಡಬ್ಬಿ ಇತ್ತು. ಕಪ್ಪು ಹಿನ್ನೆಲೆಯಲ್ಲಿ ಕೆಂಪು ಎದ್ದು ಕಾಣುತ್ತದೆ ಎಂದು ಖುಷಿಪಟ್ಟೆ.

“ಎಷ್ಟ್ ಲಕ್ಷಣವಾಗೈತೆ ನೋಡು,” ಎಂದೆ.

“ನಮ್ಮವ್ವನ ಹಣೆ ಕಂಡಂಗಾಯ್ತದೆ ಕಣಕ್ಕ,” ಎಂದಳು ಸುಧಾ. ಅವಳ ಕಣ್ಣು ತುಂಬಿದ್ದವು.

ಕಡಲು ನೋಡಿ ಬಂದ ದಿನ

ಒಣಹವೆ ಇದ್ದಷ್ಟು ದಿನ ಏನೂ ಆಗಲಿಲ್ಲ. ಬೊಟ್ಟು ಅತ್ತೆಯವರ ಕಣ್ಣಿನ ಅಂಚಿನಲ್ಲಿತ್ತೋ ಏನೋ, ಅವರು ಪಕ್ಕದಿಂದ ಇಣುಕಿ ನೋಡಿಕೊಳ್ಳುತ್ತಿದ್ದರು ಎಂದು ಕಾಣುತ್ತದೆ. ರಾತ್ರಿ ಡ್ಯೂಟಿ ಮುಗಿಸಿ ಬಂದು, ಬೆಳಿಗ್ಗೆ ಸ್ವಲ್ಪವೇ ಮಲಗಿ, ಸುಧಾ ನನ್ನನ್ನು ಕಡಲಿಗೆ ಕರೆದುಕೊಂಡು ಹೋದಳು. “ಇವತ್ತು ಬ್ಯಾಡ, ಮಲಗು” ಎಂದರೆ ಕೇಳಲಿಲ್ಲ. ಶ್ರೀರಂಗಪಟ್ಟಣದ ಕರಿಘಟ್ಟ ಬೆಟ್ಟವನ್ನು ಯಾರೋ ನಡುವೆ ಸೀಳಿ ಅರ್ಧವನ್ನು ಕಡಲಿಗೆ ತಳ್ಳಿದಂತೆ ನಿಂತ ಬಂಡೆಗಳನ್ನು ನೋಡಿ, ಗಾಳಿಗೆ ಸೀರೆ ಹಿಡಿದುಕೊಂಡು, ಮಧ್ಯಾಹ್ನ ಹಿಂತಿರುಗಿದೆವು.

ದಾರಿಯಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ವೈಪರು ಹಾಕಿದಳು. ಗಾಜಿನ ಕೆಳಗೆಲ್ಲ ಸ್ವಚ್ಛವಾಯಿತು, ಮೇಲ್ಗಡೆ ಮಾತ್ರ ಕೊಬ್ಬರಿ ಎಣ್ಣೆಯ ಕುಂಕುಮ ಹರಡಿಕೊಂಡು ಕೆಂಪು ಮಂಜು ಕವಿದಂತಾಯಿತು.

“ನಿನ್ನ ಕುಂಕುಮ ಹೋಳಿ ಆಡ್ತಾ ಐತೆ ನೋಡಕ್ಕ,” ಎಂದು ಸುಧಾ ನಕ್ಕಳು.

ಅಷ್ಟರಲ್ಲಿ ಟಿಣ್ ಎಂದಿತು. ನಮ್ಮಿಬ್ಬರ ನಡುವಿನ ದೊಡ್ಡ ಪರದೆಯಲ್ಲಿ, ದಾರಿ ತೋರಿಸುವ ನಕ್ಷೆಯ ಮೇಲೆ, ನಾಲ್ಕು ಸಾಲು ಇಂಗ್ಲಿಷು ಬಂದು ಕೂತಿತು. ಎದುರಿಗೆ ಹುಲ್ಲು ಹೇರಿದ ದೊಡ್ಡ ಲಾರಿ ಬರುತ್ತಿತ್ತು. ಸುಧಾ ಕಣ್ಣು ಕೀಳದೆ ಕೇಳಿದಳು.

“ಅಕ್ಕ, ಅದೇನ್ ಬಂತು ಓದು.”

ನಾನು ನೋಡಿದೆ. ಅಕ್ಷರಗಳೆಲ್ಲ ಕೈ ಕೈ ಹಿಡಿದು ನಿಂತಿದ್ದವು. “ನಂಗೆ ಗೊತ್ತಾಯ್ತಿಲ್ಲ ಕಣೆ” ಎಂಬ ಮಾತು ಗಂಟಲಿಗೆ ಬಂತು. ಬೋರ್ಡು ಓದಿಕೊಂಡು ಬಂದ ಅಕ್ಕ ಅದನ್ನು ಒಳಕ್ಕೆ ನುಂಗಿದಳು.

“ಸರ್ವೀಸು ಮಾಡ್ಸು ಅಂತೈತೆ. ಏನಿಲ್ಲ ಬುಡು,” ಎಂದು, ಕೆಳಗಿದ್ದ ಸರಿ ಗುರುತನ್ನು ಒತ್ತಿದೆ. ಇಂಗ್ಲಿಷು ಹೋಗಿ ನಕ್ಷೆ ಬಂತು. ನನಗೂ ನಿರಾಳವಾಯಿತು.

ಲಾರಿ ದಾಟಿತು. ಮಳೆ ನಿಂತು ಎಳೆ ಬಿಸಿಲು ಬಂತು. ಸುಧಾ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಲು ಹೇಳಿದಳು, ಬಗ್ಗಿಸಿ ಕೊಟ್ಟೆ. ಅವಳು ಒಂದು ಗುಟುಕು ಕುಡಿದು, ಎಡಗಡೆಯ ಹೊಲದಲ್ಲಿ ನಿಂತ ಕುರಿಮರಿಗಳನ್ನು ತೋರಿಸಿದಳು. ನಾನೂ ನೋಡಿದೆ, ಅವಳೂ ನೋಡಿದಳು. ರಸ್ತೆ ಮೆಲ್ಲಗೆ ಬಲಕ್ಕೆ ಬಾಗಿತು. ಅಲ್ಲಿ ಅತ್ತೆಯವರು ಎಳೆಯಬೇಕಿತ್ತು. ಎಳೆಯಲಿಲ್ಲ. ಕಾರು ನೆಟ್ಟಗೆ ಬೇಲಿಯೊಳಕ್ಕೆ ನಡೆಯಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಒಣಗಿದ ಸೀಗೆ ಮೆಳೆಗೆ ಎಮ್ಮೆ ನುಗ್ಗಿದಂತೆ ಪರಪರ ಎಂದಿತು, ಅಷ್ಟೆ. ಟೀ ನನ್ನ ಮಡಿಲಿನಲ್ಲಿತ್ತು. ಗಾಜಿನ ಮುಂದೆ ಮುಳ್ಳು, ಮುಳ್ಳಿನ ಆಚೆ ಒಂದು ಕುರಿ, ನೀಲಿ ಬೆನ್ನಿನದು.

“ಅಕ್ಕ! ಏಟಾಯ್ತಾ?”

“ಇಲ್ಲ ಕಣಮ್ಮಿ. ಟೀ ಆರಿತ್ತು.”

ಮನೆ ಅಲ್ಲಿಂದ ದೂರವಿರಲಿಲ್ಲ. ಕುರಿಗಳೂ ಮಾರ್ಟಿನ್ ಮುದುಕನವೇ. ಅವನು ಟ್ರಾಕ್ಟರಿನಲ್ಲಿ ಓಡಿಬಂದ. ಗಾಜಿನ ಮೇಲೆ ಕೆಂಪು ಕಂಡು ಅವನ ಮುಖ ಸುಣ್ಣವಾಯಿತು, ತಲೆ ಮುಟ್ಟಿ ತೋರಿಸಿ ಏನೋ ಕೂಗಿದ. ಯಾರಿಗೋ ರಕ್ತ ಬಂದಿದೆ ಎಂದು ತಿಳಿದಿದ್ದ. ನನಗೆ ಅಪಶಕುನ ಅನ್ನಿಸಿತು. ಸುಧಾ ಅವನೊಂದಿಗೆ ಮಾತಾಡುತ್ತಿರುವಾಗ ಸೆರಗಿನಲ್ಲಿ ಗಾಜು ಉಜ್ಜಿ ಉಜ್ಜಿ ಒರೆಸಿಬಿಟ್ಟೆ. ಒಂದು ಚುಕ್ಕೆ ಉಳಿಸಲಿಲ್ಲ. ಆಮೇಲೆ ಮಾರ್ಟಿನ್ ನನ್ನ ಫೋನಿನಲ್ಲಿ ಆ ಫೋಟೋ ತೆಗೆದ. ಟ್ರಾಕ್ಟರಿನಿಂದ ಕಾರನ್ನು ಎಳೆದು, ಜೋತಾಡುತ್ತಿದ್ದ ಮುಂದಿನ ಬಂಪರನ್ನು ಹುಲ್ಲಿನ ಪೆಂಡಿ ಕಟ್ಟುವ ನೀಲಿ ದಾರದಿಂದ ಬಿಗಿದ. ಆ ದೇಶದಲ್ಲಿ ಗೇಟು, ನಾಯಿ, ಪ್ಯಾಂಟು ಎಲ್ಲವೂ ಆ ದಾರದ ಮೇಲೇ ನಿಂತಿವೆ.

ಗ್ಯಾರೇಜು

ಮಾರನೆಯ ದಿನ ಗ್ಯಾರೇಜಿನವನು ಕಾರಿಗೆ ತಂತಿ ಚುಚ್ಚಿ ಪರೀಕ್ಷೆ ಮಾಡಿದ. ಅವನು ಹೇಳಿದ್ದನ್ನು ಸುಧಾ ನನಗೆ ಕನ್ನಡದಲ್ಲಿ ಹೇಳುತ್ತಾ ಬಂದಳು.

“ಎಲ್ಲಾ ಸರಿಯಾಗೈತಂತೆ ಅಕ್ಕ.”

ಅವನು ಗಾಜಿನ ಮೇಲ್ತುದಿಯನ್ನು, ನಟ್ಟನಡುವೆ, ಬೆರಳಿನಿಂದ ತಟ್ಟಿದ. ಒಳಗಿನ ಕಪ್ಪು ಡಬ್ಬಿಯನ್ನು ತೋರಿಸಿದ.

“ಕ್ಯಾಮೆರಾ ಇರೋದು ಅಲ್ಲಿ ಅಂತೆ. ಕೆಸರು ಗಿಸರು ಕೂತ್ರೆ ಅದ್ಕೆ ಕಣ್ಣು ಕಾಣಕಿಲ್ವಂತೆ. ಅಂಗಾದ್ರೆ ಕಾರೇ ಪರದೆ ಮೇಲೆ ಹೇಳ್ತದಂತೆ.” ಅವಳು ನನ್ನ ಕಡೆ ತಿರುಗಿದಳು. “ಅಕ್ಕ, ನೆನ್ನೆ ಬಂತಲ್ಲ, ಅದೇನಂತಿತ್ತು?”

ಆ ಡಬ್ಬಿ, ನನ್ನ ಉಂಗುರದ ಬೆರಳು, ಎಂಟಾಣೆಯಗಲದ ಬೊಟ್ಟು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆಗಲೇ ಹೇಳಬೇಕಿತ್ತು.

“ಸರ್ವೀಸು ಅಂತಾನೇ ಇತ್ತು,” ಎಂದೆ.

ಮೊದಲ ಸಲ ಹೇಳಿದ್ದು ಜಂಬಕ್ಕೆ. ಈ ಎರಡನೇ ಸಲ ಹೇಳಿದ್ದಕ್ಕೆ ನನ್ನ ಬಳಿ ಯಾವ ಒಳ್ಳೆಯ ಹೆಸರೂ ಇಲ್ಲ.

ಗ್ಯಾರೇಜಿನಿಂದ ಸುಧಾ ನೇರವಾಗಿ ಮನೆಗೆ ಬಂದಳು. ಒಳಗೆ ಬಂದು ಕೂತು, “ಅಂದ್ರೆ ಕಾರ್ ಸರಿಯಾಗೇ ಇತ್ತು. ಅದು ಎಳ್ದಿರ್ತದೆ, ನಂಗೇ ತಿಳಿದಿಲ್ಲ. ನಾನು ಕಣ್ಣು ಬುಟ್ಕೊಂಡೇ ನಿದ್ದೆ ಹೋಗ್ಬುಟ್ಟಿದ್ದೆ ಕಣಕ್ಕ,” ಎಂದಳು.

“ಇಲ್ಲ ಕಣೆ, ನೀನು ಕುರಿಮರಿ ನೋಡ್ತಿದ್ದೆ.”

“ನಂಗೆ ಸಮಾಧಾನ ಹೇಳ್ಬ್ಯಾಡ. ನಿದ್ದೆ ಬಂದಿದ್ದೇ ಗೊತ್ತಾಗಿಲ್ಲ ಅಂದ್ರೆ ಏನರ್ಥ? ನಾಳೆ ಡ್ಯೂಟೀಲಿ ಯಾವ್ದೋ ಅಜ್ಜಿಗೆ ಮಾತ್ರೆ ಕೊಡೋವಾಗ ಇಂಗೇ ಆದ್ರೆ?”

ಅವಳು ಕಾರು ಮಾರುತ್ತೇನೆ ಎಂದು ತೀರ್ಮಾನಿಸಿದಳು. ಮಾರ್ಟಿನ್ ಮುದುಕನ ಮಗಳಿಗೆ ಕಾರು ಬೇಕಿತ್ತು, ಶನಿವಾರ ಇಬ್ಬರೂ ಬಂದು ನೋಡುವುದೆಂದಾಯಿತು. ಸುಧಾ ಕೆಲಸ ಮಾಡುವ ಜಾಗಕ್ಕೆ ಬಸ್ಸಿಲ್ಲ. ಕಾರಿಲ್ಲದಿದ್ದರೆ ಆ ಕೆಲಸವೂ ಇಲ್ಲ. ಅದನ್ನೂ ಅವಳು ಯೋಚಿಸಿಯೇ ಇದ್ದಳು. ನಿದ್ದೆಯಲ್ಲಿ ಗಾಡಿ ಓಡಿಸುವವಳು ನರ್ಸಾಗಿರಬಾರದು ಎಂಬುದು ಅವಳ ಲೆಕ್ಕ. ದಿನಾ ಕಣ್ಣು ಕೆಂಪಗೆ ಮಾಡಿಕೊಂಡು ಏಳುತ್ತಿದ್ದಳು. ನಾನು ಅವಳಿಗೆ ಇಷ್ಟವಾದ ಅಡುಗೆಗಳನ್ನೆಲ್ಲ ಮಾಡಿ ಹಾಕುತ್ತಿದ್ದೆ. ಉಪ್ಸಾರು, ಮೊಸೊಪ್ಪು, ಅಲ್ಲಿಯ ಹಿಟ್ಟಿನಲ್ಲೇ ಹೇಗೋ ಮುದ್ದೆ. ಬಾಯಿ ಮಾತ್ರ ಬಿಡಲಿಲ್ಲ.

ಶನಿವಾರ

ಶನಿವಾರ ಬೆಳಿಗ್ಗೆ ಅವಳು ಕಾರನ್ನು ತೊಳೆಯುತ್ತಿದ್ದಳು. ಕೊಡುವ ಹಸುವನ್ನು ಮೈತೊಳೆದು ನಿಲ್ಲಿಸಿದಂತೆ ಇತ್ತು. ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಉಳಿದ ಕುಂಕುಮಕ್ಕೆ ಎಣ್ಣೆ ಹಾಕಿ ಕಲಸಿದೆ. ಹೊರಗೆ ಬಂದು ಅದೇ ಕಪ್ಪು ಡಬ್ಬಿಯ ಮುಂದೆ ಅಂಗೈಯಗಲ ಬಳಿದೆ.

“ಏನಕ್ಕ ಇದು? ಈಗ್ತಾನೆ ತೊಳ್ದಿವ್ನಿ!”

“ಕಾರ್ ಹತ್ತು. ದೊಡ್ಡ ರೋಡ್‌ಗೆ ಬುಡು. ಎರಡೂ ಕೈಲಿ ಬಿಗಿಯಾಗಿ ಹಿಡ್ಕೊ, ರಸ್ತೆ ಬುಟ್ಟು ಎಲ್ಲೂ ನೋಡ್ಬ್ಯಾಡ.”

“ಯಾಕೆ?”

“ಹತ್ತು ಅಂದ್ನಲ್ಲ!”

ಚಿಕ್ಕಂದಿನಲ್ಲಿ ನಾನು ಹಾಗೆ ಗದರಿದರೆ ಅವಳು ಎದುರಾಡುತ್ತಿರಲಿಲ್ಲ. ಈಗಲೂ ಆಡಲಿಲ್ಲ. ದೊಡ್ಡ ರಸ್ತೆಗೆ ಬಂದು ಸ್ವಲ್ಪ ವೇಗ ಹಿಡಿದಾಗ ಟಿಣ್ ಎಂದಿತು. ನಾಲ್ಕು ಸಾಲು ಇಂಗ್ಲಿಷು ಬಂದು ಕೂತಿತು. ಅಕ್ಷರ ಓದಲಾರದಿದ್ದರೂ ಮುಖ ಮರೆಯುವವಳಲ್ಲ ನಾನು. ಅದೇ ನಾಲ್ಕು ಸಾಲು.

“ಗಾಡಿ ನಿಲ್ಸಿ ಓದು,” ಎಂದೆ.

ಹೊಲದ ಗೇಟಿನ ಮುಂದೆ ನಿಲ್ಲಿಸಿ ಓದಿದಳು. ಮೊದಲು ಮನಸ್ಸಿನಲ್ಲಿ, ಆಮೇಲೆ ಕನ್ನಡದಲ್ಲಿ, ನಿಧಾನವಾಗಿ. “ಮುಂದಿನ ಕ್ಯಾಮೆರಾ ಮುಚ್ಚಿದೆ. ಗೆರೆ ಕಾಯೋದು ಈಗ ಕೆಲಸ ಮಾಡಲ್ಲ. ಗಾಜು ಒರೆಸಿ.”

“ಅವತ್ತು ಬಂದಿದ್ದೂ ಇದೇ,” ಎಂದೆ.

“ನೀನು ಸರ್ವೀಸು ಅಂದ್ಯಲ್ಲಕ್ಕ?”

“ನಂಗೆ ಓದಾಕೆ ಬರಕಿಲ್ಲ ಕಣೆ ಸುಧಾ. ವಿಮಾನದಲ್ಲೂ ಬೋರ್ಡು ಓದ್ಕೊಂಡ್ ಬರ್ಲಿಲ್ಲ. ಯಾವಳೋ ಕೆಂಪು ಚೀಲ್ದೋಳ ಹಿಂದೆ ಬಂದೆ. ಅವ್ಳೂ ಬೇರೆ ಕಡೆ ಹೋಗೋಳು.”

ಎದುರಿಗೆ ಬಂದ ಗಾಡಿಯವನೊಬ್ಬ ಬೆರಳೆತ್ತಿದ. ಅವಳು ಬೆರಳೆತ್ತಲಿಲ್ಲ.

“ಗ್ಯಾರೇಜಲ್ಲಿ ಕೇಳ್ದಾಗ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ಇಷ್ಟ್ ದಿನ ನಾನು ಕೆಲ್ಸ ಬುಡ್ಬೇಕು ಅಂತ ಅಳ್ತಾ ಕೂತಿದ್ರೆ, ನೀನು ಉಪ್ಸಾರ್ ಮಾಡ್ಕೊಂಡ್ ಕುಂತಿದ್ಯಾ?”

“ಹೂಂ.”

“ನಾಚ್ಕೆ ಆಗ್ಲಿಲ್ವಾ?”

“ನಾಚ್ಕೆ ಆಗಿದ್ಕೇ ಕಣೆ ಹೇಳ್ದೆ ಇದ್ದಿದ್ದು,” ಎಂದೆ.

ಅವಳು ಇಳಿದು, ನನ್ನ ಸೆರಗನ್ನೇ ಎಳೆದು ಗಾಜು ಒರೆಸಿ, ಮನೆಗೆ ವಾಪಸ್ಸು ಬಂದಳು. ಮಾರ್ಟಿನ್ ಮತ್ತು ಅವನ ಮಗಳು ಆಗಲೇ ಅಂಗಳದಲ್ಲಿ ನಿಂತಿದ್ದರು. ಕಾರು ಮಾರುವುದಿಲ್ಲ ಎಂದಳು. ಯಾಕೆಂದು ಅವರಿಗೆ ಹೇಳಿದಳು, ಎಷ್ಟು ಹೇಳಿದಳೋ ನನಗೆ ತಿಳಿಯದು. ಮಾರ್ಟಿನ್ ನಗುತ್ತಾ ಬೇಲಿ ಹಿಡಿದುಕೊಂಡು ಕೆಳಕ್ಕೆ ಕೂತದ್ದು ಮಾತ್ರ ತಿಳಿಯಿತು. ಅವನ ಮಗಳು ಮುಖ ಊದಿಸಿಕೊಂಡು ಹೋದಳು.

ಸಂಜೆ ಸುಧಾ ಕಾರಿನ ಆ ದಪ್ಪ ಪುಸ್ತಕ ತಂದು ಎದುರಿಗೆ ಕೂತು, ಯಾರಿಗೋ ಶಿಕ್ಷೆ ಓದಿ ಹೇಳುವಂತೆ ಕನ್ನಡದಲ್ಲಿ ಹೇಳತೊಡಗಿದಳು. ಜೋರು ಮಳೆಯಲ್ಲಿ ಅದಕ್ಕೆ ಕಾಣದು. ಮಂಜಿನಲ್ಲಿ ಕಾಣದು. ಸೂರ್ಯ ಎದುರಿಗಿದ್ದರೆ ಕಾಣದು. ಗೆರೆ ಮಾಸಿದ್ದರೆ, ರಸ್ತೆ ರಿಪೇರಿಯಲ್ಲಿ ಹಳೆಯ ಗೆರೆ ಹೊಸ ಗೆರೆ ಎರಡೂ ಇದ್ದರೆ ತಪ್ಪು ಗೆರೆ ಹಿಡಿಯಬಹುದು. ತಿರುವು ಚೂಪಾಗಿದ್ದರೆ ಕೈಬಿಡಬಹುದು. ಮೆಲ್ಲಗೆ ಹೋಗುವಾಗ ಕೆಲಸವನ್ನೇ ಮಾಡದು.

“ನಮ್ಮ ಮಾವನೋರ್ಗೂ ಇಷ್ಟು ಕಾಣ್ದೇ ಇರ್ನಿಲ್ಲ ಕಣೆ, ಎರಡೂ ಕಣ್ಗೆ ಪೊರೆ ಬಂದಾಗ,” ಎಂದೆ ಮೆಲ್ಲಗೆ.

ಅವಳ ತುಟಿ ಒಂದಿಷ್ಟು ಅಲುಗಿತು. ಪುಟ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟಳು.

“ಕೈ ಯಾವಾಗ್ಲೂ ಸ್ಟೇರಿಂಗ್ ಮೇಲಿರ್ಲಿ, ಗಾಡಿ ಓಡಿಸೋರು ನೀವೇ ಅಂತ ಐತೆ. ಇದು ನಿಂಗ್ ಬರ್ದಿದ್ದಲ್ಲ ಅಕ್ಕ, ನಂಗ್ ಬರ್ದಿರೋದು. ಅದು ಕುರುಡಾಗಿತ್ತು, ಸರಿ. ನಂಗೆ ಕಣ್ಣಿತ್ತಲ್ಲ? ಆ ಹಸಿರು ಚಿತ್ರ ಹೋಗಿದ್ದೂ ನೋಡ್ನಿಲ್ಲ. ನೀನು ಬೊಟ್ಟಿಟ್ಟೆ, ನಾನು ಟೀ ಹಿಡ್ಕೊಂಡಿದ್ದೆ.”

“ಟೀ ಬಗ್ಗಿಸ್ಕೊಟ್ಟಿದ್ದೂ ನಾನೇಯ.”

“ಎಲ್ಲಾನೂ ನೀನೇ ತಗೋಬ್ಯಾಡ. ನಂಗೂ ಒಂಚೂರು ಬುಡು,” ಎಂದಳು. ಆಮೇಲೆ ಎದ್ದು ತಣ್ಣಗಾಗಿದ್ದ ಉಪ್ಸಾರನ್ನು ಬಿಸಿಗಿಟ್ಟಳು.

ಮಾರನೆಯ ದಿನ ಉಳಿದ ಚಿಟಿಕೆ ಕುಂಕುಮವನ್ನು ಎಲ್ಲಿಡುವುದೆಂದು ನಾವಿಬ್ಬರೂ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದೆವು. ಸುಧಾ ಪುಸ್ತಕ ನೋಡಿ ನೋಡಿ ಮೂತಿಯಲ್ಲೂ ಒಂದು ಕಣ್ಣಿದೆ, ಹಿಂದೆಯೂ ಒಂದಿದೆ ಎಂದಳು. ಮೈಯೆಲ್ಲ ಕಣ್ಣಿರುವ ಗಾಡಿಗೆ ಹಣೆ ಎಲ್ಲಿ ಹುಡುಕುವುದು? ಕಡೆಗೆ ಡಿಕ್ಕಿ ತೆಗೆದು ಒಳಗಿನ ಸ್ಟೆಪ್ನಿ ಚಕ್ರಕ್ಕೆ ಇಟ್ಟೆವು.

ವಿಮಾನ ನಿಲ್ದಾಣದ ದಾರಿ

ಹೊರಡುವ ದಿನ ಸುಧಾಳೇ ಕರೆದುಕೊಂಡು ಹೊರಟಳು. ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು, ಫ್ಲಾಸ್ಕು ನನ್ನ ಕಾಲ ಬಳಿ ಮುಚ್ಚಳ ಬಿಗಿದುಕೊಂಡು ನಿಂತಿತ್ತು. ಅತ್ತೆಯವರು ಎಚ್ಚರವಾಗಿದ್ದರು. ಅವಳು ಆಗಾಗ ಆ ಹಸಿರು ಚಿತ್ರವನ್ನು ನೋಡಿ ಮತ್ತೆ ರಸ್ತೆ ನೋಡುತ್ತಿದ್ದಳು. ದೂರದ ದಾರಿ. ಮಾತಾಡಿ ಮಾತಾಡಿ ಇಬ್ಬರಿಗೂ ಮಾತು ಮುಗಿಯಿತು. ಬಿಟ್ಟು ಹೋಗುವ ಹೊತ್ತಿಗೆ ಮಾತು ಹಾಗೇ ಮುಗಿಯುತ್ತದೆ.

ಟಿಣ್ ಎಂದಿತು.

ಇಂಗ್ಲಿಷು ಬಂದು ಕೂತಿತು. ಸುಧಾ ಬೇಕೆಂದೇ ಪರದೆ ನೋಡಲಿಲ್ಲ. ಅವಳ ಕೆನ್ನೆಯಲ್ಲಿ ನಗು ತಡೆದಿದ್ದದ್ದು ನನಗೆ ಕಾಣುತ್ತಿತ್ತು.

“ಅಕ್ಕ, ಅದೇನ್ ಬಂತು ಓದು.”

ನಾನು ನೋಡಿದೆ. ಎರಡು ಸಾಲು ಅಕ್ಷರ, ಒಂದರ ಕೈ ಒಂದು ಹಿಡಿದುಕೊಂಡು. ಅವುಗಳ ಮೇಲೆ ಒಂದು ಚಿತ್ರವೂ ಇತ್ತು. ಹಿಡಿಯಿರುವ ಲೋಟ, ಲೋಟದಿಂದ ಮೇಲೇಳುವ ಹಬೆ. ಇಪ್ಪತ್ತು ವರ್ಷದಿಂದ ನಾನು ಮಾಡಿಕೊಂಡು ಬಂದ ಕೆಲಸವೇ ಅದು.

“ಅಕ್ಷರ ನಂಗೆ ಗೊತ್ತಾಯ್ತಿಲ್ಲ ಕಣೆ,” ಎಂದೆ. “ಆದ್ರೆ ಗಾಡಿ ನಿಲ್ಸಿ ಟೀ ಕುಡೀರಿ ಅಂತಾವ್ರೆ ಅತ್ತೆಯೋರು.”

ಮುಂದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಓದಿ ನೋಡಿದಳು. “ಸರಿಯಾಗೇ ಹೇಳ್ದೆ,” ಎಂದಳು. ಇಂಜಿನ್ ಆರಿಸಿದ ಮೇಲೆ ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ.